ಬೈಯುವವರಿಗೊಂದು ಬೈಲಾ

ಕನ್ನಡ ಸಂಘದ ನಿಯಮಾವಳಿಯ ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ನಮ್ಮಲ್ಲಿ ಎಷ್ಟು ಜನ? ಚುನಾವಣೆಯ ವರ್ಷ ಬಿಟ್ಟರೆ ಯಾರೂ ಅದನ್ನು ಮುಟ್ಟುವುದಿಲ್ಲ. ಸದಸ್ಯತ್ವದ ಶುಲ್ಕ, ವಾರ್ಷಿಕ ಸಭೆಯ ಕೋರಂ, ಖಜಾಂಚಿಯ ಜವಾಬ್ದಾರಿ ಇವೆಲ್ಲ ಅದರಲ್ಲಿ ಇರುತ್ತವೆ. ಆದರೆ ಸಭೆಯಲ್ಲಿ ಒಬ್ಬರು ಎದ್ದು ಇನ್ನೊಬ್ಬರಿಗೆ “ನಿಂಗೇನ್ ಗೊತ್ತಯ್ಯಾ, ಸುಮ್ನೆ ಕೂತ್ಕೋ” ಎಂದರೆ ಮುಂದೇನು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಹಿರಿಯರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ. ಬೈದವರೇ ಹಿರಿಯರಾಗಿದ್ದರೆ?

ಜಗತ್ತಿನ ಅತಿ ದೊಡ್ಡ ತಂತ್ರಾಂಶ ಬಳಗವೊಂದು ಇದೇ ಪ್ರಶ್ನೆಯ ಮುಂದೆ ಬಹಳ ವರ್ಷ ತಡಕಾಡಿತು. ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಐಟಿ ಕೆಲಸದಲ್ಲಿರುವ ಓದುಗರಿಗೆ ಕಥೆ ಅಲ್ಪಸ್ವಲ್ಪ ಗೊತ್ತಿರಬಹುದು. ಉಳಿದವರಿಗಾಗಿ ಹೇಳುತ್ತೇನೆ.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸ್ ಇಂದು ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲೂ ಇದೆ, ಬ್ಯಾಂಕಿನ ಸರ್ವರಿನಲ್ಲೂ ಇದೆ. ಅದರ ತಿರುಳಾದ ಕರ್ನಲ್‌ನ ಕೆಲಸವೆಲ್ಲ ನಡೆಯುವುದು ಇಮೇಲ್‌ನಲ್ಲಿ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಆಯಾ ಭಾಗದ ಉಸ್ತುವಾರಿಗಳು ಅದನ್ನು ಪರೀಕ್ಷಿಸುತ್ತಾರೆ, ಕೊನೆಯ ಮಾತು ಲಿನಸ್ ಅವರದು. ಅವರ ಬೈಗುಳ ಅವರ ಕೋಡಿನಷ್ಟೇ ಪ್ರಸಿದ್ಧ. ನಮ್ಮ ಆಫೀಸಿನಲ್ಲಾದರೆ ಮ್ಯಾನೇಜರು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿಕೊಂಡು ಬೈಯುತ್ತಾನೆ. ಅಲ್ಲಿ ಬೈದದ್ದು ಇಡೀ ಜಗತ್ತಿನ ಎದುರಿಗೆ, ಮೇಲಾಗಿ ಶಾಶ್ವತವಾಗಿ ದಾಖಲಾಗುತ್ತದೆ. ನಾಳೆ ನಿಮಗೆ ಕೆಲಸ ಕೊಡುವವನೂ ಓದಬಹುದು.

ಅವರ ಪರವಾಗಿ ಹೇಳುವ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. 2012ರ ಡಿಸೆಂಬರಿನಲ್ಲಿ ಕರ್ನಲ್‌ನಲ್ಲಿ ಆದ ಒಂದು ಬದಲಾವಣೆಯಿಂದ ಧ್ವನಿಯ ತಂತ್ರಾಂಶಗಳು ಕೆಟ್ಟವು. ಹಿರಿಯ ಉಸ್ತುವಾರಿಯೊಬ್ಬರು ತಪ್ಪನ್ನು ಆ ತಂತ್ರಾಂಶಗಳ ಮೇಲೆಯೇ ಹಾಕಿದರು. ಲಿನಸ್ ಬಾಯಿ ಮುಚ್ಚು ಎಂಬರ್ಥದ ಮಾತಿನಿಂದಲೇ ಶುರು ಮಾಡಿದರು. ಅವರು ಹೇಳಿದ ತತ್ವ, ಅಂದರೆ ಬಳಕೆದಾರರ ಪ್ರೋಗ್ರಾಮು ಕೆಟ್ಟರೆ ತಪ್ಪು ಕರ್ನಲ್‌ನದೇ ಎಂಬುದು, ನೂರಕ್ಕೆ ನೂರು ಸರಿ. ಆದರೆ ಅದೇ ತತ್ವವನ್ನು ಬೈಗುಳವಿಲ್ಲದೆ ಹೇಳಿದ್ದರೆ ಅದರ ತೂಕ ಒಂದು ಗುಂಜಿಯೂ ಕಡಿಮೆಯಾಗುತ್ತಿರಲಿಲ್ಲ ಎಂಬುದನ್ನು ಅಭಿಮಾನಿಗಳು ಒಪ್ಪಲು ಬಹಳ ಕಾಲ ಹಿಡಿಯಿತು.

ಅದನ್ನು ಎದುರಿಗೇ ಹೇಳಿದವರಲ್ಲಿ ಒಬ್ಬರು ಸೇಜ್ ಶಾರ್ಪ್. ಯುಎಸ್‌ಬಿ 3.0 ಕರ್ನಲ್‌ನಲ್ಲಿ ಕೆಲಸ ಮಾಡುವಂತೆ ಮಾಡಿದವರು ಅವರು. 2013ರಲ್ಲಿ ಇಡೀ ಬಳಗದ ಎದುರಿಗೇ ಲಿನಸ್ ಅವರಿಗೆ ಈ ರೀತಿ ನಿಲ್ಲಿಸಿ ಎಂದರು. ನನ್ನ ಸ್ವಭಾವವೇ ಹೀಗೆ ಎಂಬ ಧಾಟಿಯ ಉತ್ತರ ಬಂತು. 2015ರ ಅಕ್ಟೋಬರಿನಲ್ಲಿ, ತಾವು ಕರ್ನಲ್ ಕೆಲಸ ಬಿಟ್ಟಿರುವುದಾಗಿ ಶಾರ್ಪ್ ಬಹಿರಂಗವಾಗಿ ಬರೆದರು. ಬಿಟ್ಟದ್ದು ಕೋಡಿಗೆ ಬೇಸತ್ತು ಅಲ್ಲ, ಮಾತಿಗೆ ಬೇಸತ್ತು. ಅವರು ಹೇಳಿ ಹೋದರು. ಹೇಳದೆ ಹೋದವರನ್ನು, ಬಾಗಿಲಿನಿಂದಲೇ ಇಣುಕಿ ಹಿಂತಿರುಗಿದವರನ್ನು ಯಾವ ಲೆಕ್ಕದಲ್ಲಿ ಹಿಡಿಯುವುದು?

ಅದೇ 2015ರ ಮಾರ್ಚಿನಲ್ಲಿ ಬಳಗ ಒಂದು ಕಾಗದವನ್ನೇನೋ ಸೇರಿಸಿಕೊಂಡಿತ್ತು. ಅದರ ಹೆಸರು ‘ಕೋಡ್ ಆಫ್ ಕಾನ್‌ಫ್ಲಿಕ್ಟ್’, ಅಂದರೆ ಜಗಳದ ಸಂಹಿತೆ! ನಿಮ್ಮ ಕೋಡಿಗೆ ಟೀಕೆ ಬರುತ್ತದೆ, ಸಹಿಸಿಕೊಳ್ಳಿ. ಮಿತಿಮೀರಿದರೆ ತಾಂತ್ರಿಕ ಸಲಹಾ ಮಂಡಳಿಗೆ ದೂರು ಕೊಡಿ ಎಂಬುದು ಸಾರಾಂಶ. ಮಿತಿ ಯಾವುದು ಎಂಬುದನ್ನು ಬಿಡಿಸಿ ಹೇಳಿರಲಿಲ್ಲ.

ತಿರುವು ಬಂದದ್ದು 2018ರ ಸೆಪ್ಟೆಂಬರ್ 16ರಂದು. ಲಿನಸ್ ಎಂದಿನ ವಾರದ ಪ್ರಕಟಣೆಯ ಜೊತೆಗೇ ಕ್ಷಮೆ ಕೇಳಿದರು, ಜನರ ಭಾವನೆಗಳನ್ನು ಅರ್ಥ ಮಾಡಿಕೊಳ್ಳಲು ಸಹಾಯ ಪಡೆಯುವೆ ಎಂದು ಹೇಳಿ ರಜೆ ಹಾಕಿದರು. ಅವರ ನಡವಳಿಕೆಯ ಬಗ್ಗೆ ‘ನ್ಯೂಯಾರ್ಕರ್’ ಪತ್ರಿಕೆಯ ವರದಿ ಕೆಲವೇ ದಿನಗಳಲ್ಲಿ ಬಂತು. ಒತ್ತಡದಿಂದ ಬಂದ ಕ್ಷಮೆಯೋ ಮನಸ್ಸಿನಿಂದ ಬಂದದ್ದೋ ಎಂದು ಇವತ್ತಿಗೂ ವಾದಿಸುವವರಿದ್ದಾರೆ. ನನಗೆ ಆ ವಾದದಲ್ಲಿ ಆಸಕ್ತಿಯಿಲ್ಲ. ಮುಖ್ಯವಾದದ್ದು, ಜಗಳದ ಸಂಹಿತೆ ಹೋಗಿ ಅದರ ಜಾಗಕ್ಕೆ ನಡತೆಯ ಸಂಹಿತೆ ಬಂತು. ಹೊಸದಾಗಿ ಬರೆದದ್ದೇನಲ್ಲ. ಕೊರಲಿನ್ ಅಡಾ ಎಮ್ಕಿ 2014ರಲ್ಲಿ ರೂಪಿಸಿದ, ಅಷ್ಟರಲ್ಲಾಗಲೇ ಅನೇಕ ಬಳಗಗಳು ಬಳಸುತ್ತಿದ್ದ ‘ಕಾಂಟ್ರಿಬ್ಯೂಟರ್ ಕವನೆಂಟ್’ ಎಂಬ ಮಾದರಿಯನ್ನು ಎತ್ತಿಕೊಂಡದ್ದು.

ಎರವಲು ಬೈಲಾದ ತೊಂದರೆ ತಕ್ಷಣ ಕಾಣಿಸಿತು. ಬೇರೆಯವರ ಇಮೇಲ್ ವಿಳಾಸವನ್ನು ಅನುಮತಿಯಿಲ್ಲದೆ ಪ್ರಕಟಿಸಬಾರದು ಎಂದು ಮಾದರಿಯಲ್ಲಿತ್ತು. ಕರ್ನಲ್‌ನಲ್ಲಾದರೋ ಪ್ರತಿ ತಿದ್ದುಪಡಿಗೂ ಬರೆದವರ ಹೆಸರು, ವಿಳಾಸ ಅಂಟಿಕೊಂಡೇ ಬರಬೇಕು. ಅಕ್ಷರಶಃ ಓದಿದರೆ ದಿನನಿತ್ಯದ ಕೆಲಸವೇ ಅಪರಾಧ! ಇನ್ನೊಂದೆಡೆ, ನಿಯಮ ಜಾರಿ ಮಾಡದ ಉಸ್ತುವಾರಿಗಳ ಮೇಲೂ ಕ್ರಮವಾಗಬಹುದು ಎಂಬ ಸಾಲು ಹಲವರ ನಿದ್ದೆಗೆಡಿಸಿತು. ಬರೆದ ಕೋಡನ್ನೇ ವಾಪಸು ಪಡೆಯುತ್ತೇವೆ ಎಂಬ ಗುಲ್ಲೂ ಎದ್ದಿತ್ತು, ತಣ್ಣಗಾಯಿತು. ಅಕ್ಟೋಬರಿನಲ್ಲಿ ಜೊತೆಗೊಂದು ವಿವರಣೆಯ ದಾಖಲೆ ಬಂತು. ಕೋಡಿನ ಗುಣಮಟ್ಟದ ನಿರೀಕ್ಷೆಯಲ್ಲಿ ಬದಲಾವಣೆ ಇಲ್ಲ ಎಂದು ಅದರಲ್ಲಿ ಸ್ಪಷ್ಟಪಡಿಸಿದರು. ಮಧ್ಯಸ್ಥಿಕೆಗೆ ಬಳಗದ ಹೊರಗಿನ ವಕೀಲರೊಬ್ಬರನ್ನು ನೇಮಿಸಿದರು. ಅವರು ಮಿಷಿ ಚೌಧರಿ. ದೆಹಲಿಯ ಓದುಗರಲ್ಲಿ ಕೆಲವರಿಗೆ ಪರಿಚಿತ ಹೆಸರು, ಅಲ್ಲಿನ ಎಸ್‌ಎಫ್‌ಎಲ್‌ಸಿ ಡಾಟ್ ಇನ್ ಸಂಸ್ಥೆಯ ಸ್ಥಾಪಕರು.

ಈ ಹೊರಗಿನವರು ಎಂಬುದನ್ನು ಗಮನಿಸಿ. ನಮ್ಮ ದೇಶದ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನರಿರುವ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರೂ ಇರಬೇಕು. ವರ್ಷಗಟ್ಟಲೆ ಒಟ್ಟಿಗೆ ಊಟ ಮಾಡಿದವರು ಒಬ್ಬರ ಮೇಲೊಬ್ಬರು ತೀರ್ಪು ಕೊಡುವುದು ಕಷ್ಟ ಎಂಬ ತಿಳಿವಳಿಕೆ ಅದರ ಹಿಂದಿದೆ. ಆದರೆ ಆ ಕಾಯ್ದೆಯ ಕೈ ಉದ್ಯೋಗದಾತರ ಮೂಲಕ ಚಾಚುತ್ತದೆ. ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಬ್ರೆಜಿಲ್‌ನಲ್ಲಿ, ಸಂಬಳ ಕೊಡುವವರು ಬೇರೆ ಬೇರೆ, ಕೆಲವರಿಗೆ ಸಂಬಳವೇ ಇಲ್ಲ. ಇಂಥ ಬಳಗಕ್ಕೆ ಎಚ್‌ಆರ್ ಎಲ್ಲಿಂದ ತರುವುದು?

ಶಿಕ್ಷೆ ಎಂದರೆ ಉಳಿಯುವುದು ಒಂದೇ, ಕೆಲಸವನ್ನು ಸ್ವೀಕರಿಸದಿರುವುದು. 2024ರ ನವೆಂಬರಿನಲ್ಲಿ ಅದೂ ಆಯಿತು. ಬಿಕ್ಯಾಶ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಕರ್ತೃ ಕೆಂಟ್ ಓವರ್‌ಸ್ಟ್ರೀಟ್ ಇನ್ನೊಬ್ಬ ಡೆವಲಪರನಿಗೆ ಬರೆದ ಕಟುಮಾತಿಗಾಗಿ 6.13ನೇ ಆವೃತ್ತಿಯ ಅವಧಿಗೆ ಅವರ ಕೋಡು ಬೇಡ ಎಂದು ತೀರ್ಮಾನವಾಯಿತು. ಮಾತನಾಡಿದ್ದು ಒಬ್ಬರು, ಬಿಸಿ ತಟ್ಟಿದ್ದು ಆ ವ್ಯವಸ್ಥೆಯನ್ನು ಬಳಸುವವರಿಗೂ. ಅನ್ಯಾಯ ಎನಿಸಬಹುದು. ಆದರೂ ಅವಧಿ ನಿಗದಿಯಾಗಿತ್ತು, ಕಾರಣ ಬಹಿರಂಗವಾಗಿತ್ತು, ಹಿಂತಿರುಗುವ ದಾರಿ ತೆರೆದಿತ್ತು. ಗುಂಪಿನಿಂದ ಸದ್ದಿಲ್ಲದೆ ಹೆಸರು ತೆಗೆದುಹಾಕುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಲೆಕ್ಕ.

ಲಿನಸ್ ಸಂತರಾದರೇ? ಇಲ್ಲ. 2025ರ ಆಗಸ್ಟ್‌ನಲ್ಲಿ ತಡವಾಗಿ ಬಂದ ರಿಸ್ಕ್-ಫೈವ್ ತಿದ್ದುಪಡಿಗಳನ್ನು ಕಸ ಎಂದೇ ಕರೆದು ವಾಪಸು ಕಳಿಸಿದರು. ಆದರೆ ಕಸ ಎಂದದ್ದು ಕೋಡಿಗೆ. ಇಂಥ ವ್ಯತ್ಯಾಸ ಹೊಸಬರಿಗೆ ಸಾಲುವುದೇ ಎಂಬುದು ಬೇರೆ ಮಾತು.

ಇದು ಫಿನ್‌ಲೆಂಡಿನವರ, ಅಮೆರಿಕದವರ ಜಗಳ ಎಂದು ಬಿಡುವಂತಿಲ್ಲ. ವಿಕಿಮೀಡಿಯಾ ಪ್ರತಿಷ್ಠಾನ 2021ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಸಾರ್ವತ್ರಿಕ ನಡತೆ ಸಂಹಿತೆ 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯಕ್ಕೂ, ತುಳು ವಿಕಿಪೀಡಿಯಕ್ಕೂ ಅನ್ವಯಿಸುತ್ತದೆ. ಇಂಗ್ಲಿಷಿನಲ್ಲಿ ಯೋಚಿಸಿ ಬರೆದ ನಿಯಮಕ್ಕೆ ಕಾಣದ ಒಂದು ಸಂಗತಿ ನಮ್ಮ ಭಾಷೆಯಲ್ಲಿದೆ. ಒಂದೇ ಒಂದು ಕೆಟ್ಟ ಪದ ಬಳಸದೆ, ನಾಲ್ಕು ಸಾಲು ‘ನೀವು’ ಎಂದು ಬರೆದು ಐದನೆಯದರಲ್ಲಿ ‘ನೀನು’ ಎಂದರೆ ಮುಗಿಯಿತು. ಅದಕ್ಕೂ ಹರಿತ, “ತಾವು ಮಹಾಪಂಡಿತರು” ಎನ್ನುವುದು. ಧಾರವಾಡದ ಕಡೆಯವರ ‘ನೀ’ ಮೈಸೂರಿನವರಿಗೆ ಒರಟಾಗಿ ಕೇಳಿಸಬಹುದು, ಅದರಲ್ಲಿ ಬರೀ ಸಲಿಗೆಯೇ ಇರಬಹುದು. ಅನುವಾದ ಯಂತ್ರ ಎರಡಕ್ಕೂ ‘ಯೂ’ ಎಂದೇ ತೋರಿಸುತ್ತದೆ. ಹಾಗಾಗಿ ದೂರು ಕೇಳುವ ಸಮಿತಿಯಲ್ಲಿ ಹೊರಗಿನವರು ಎಷ್ಟು ಬೇಕೋ, ಈ ‘ನೀ’ ಯಾವ ‘ನೀ’ ಎಂದು ಕಿವಿಯಿಂದಲೇ ಹೇಳಬಲ್ಲ ಕನ್ನಡಿಗರೊಬ್ಬರೂ ಅಷ್ಟೇ ಬೇಕು.