ಬಾತಿನ ಪೀಪಿಗೊಂದು ಜಿಗ್



ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರೆಲ್ಲ ಒಂದು ಸಂಗತಿ ಗಮನಿಸಿರುತ್ತೀರಿ. ಒಂದೇ ಗಾಡಿಯಲ್ಲಿ ಒಂದೇ ಬಣ್ಣದ ಎರಡು ಪೀಪಿ ಕೊಂಡರೂ ಅಕ್ಕನದು ಜೋರಾಗಿ ಕೂಗುತ್ತದೆ, ತಮ್ಮನದು ಬುಸ್ಸೆಂದು ಗಾಳಿ ಬಿಡುತ್ತದೆ. ಬುಲ್ ಟೆಂಪಲ್ ರಸ್ತೆ ದಾಟುವುದರೊಳಗೆ ಜಗಳ ಶುರು. ನೋಡಲು ಎರಡೂ ಒಂದೇ ಥರ. ದನಿ ಮಾತ್ರ ಯಾಕೆ ಬೇರೆ?

ಈ ವಾರ ಬಾತುಕೋಳಿಯ ಹಾಗೆ ‘ಕ್ವಾಕ್’ ಎನ್ನುವ ಮರದ ಪೀಪಿ ಮಾಡೋಣ. ಒಂದನ್ನು ಮಾಡುವುದು ಕಷ್ಟವಲ್ಲ. ಮೊದಲನೆಯದರಂತೆಯೇ ಕೂಗುವ ಎರಡನೆಯದನ್ನು, ಹತ್ತನೆಯದನ್ನು ಮಾಡುವುದೇ ನಿಜವಾದ ಕೈಕೆಲಸ. ಅದಕ್ಕೆ ಬೇಕಾದದ್ದು ಜಿಗ್.

ಜಿಗ್ ಅಂದರೆ ಏನು?

ಸಂಕ್ರಾಂತಿಗೆ ಅಜ್ಜಿ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದ್ದೀರಲ್ಲ? ಅಲ್ಲಿ ಪಾಕವೇ ಅಚ್ಚಿನೊಳಗೆ ಹೋಗಿ ಕೂರುತ್ತದೆ. ಜಿಗ್ ಹಾಗಲ್ಲ. ಅದು ಮರವನ್ನು ಹಿಡಿದುಕೊಳ್ಳುತ್ತದೆ, ಜೊತೆಗೆ ಗರಗಸ, ಅರ ಮೊದಲಾದ ಹತಾರಗಳಿಗೆ ‘ಇಲ್ಲಿಯವರೆಗೆ ಬಾ, ಇದಕ್ಕಿಂತ ಮುಂದೆ ಬೇಡ’ ಎಂದು ದಾರಿ ತೋರಿಸುತ್ತದೆ. ಗಾಂಧಿ ಬಜಾರಿನಲ್ಲಿ ಸಿಗುವ ತೂತಿನ ರಂಗೋಲಿ ತಟ್ಟೆ ಇದಕ್ಕೆ ಹತ್ತಿರದ ಉದಾಹರಣೆ. ತಟ್ಟೆಯಿದ್ದರೆ ಪುಟ್ಟ ಕೈಯಿಂದಲೂ ಅದೇ ಚಿತ್ರ, ಅಮ್ಮನ ಕೈಯಿಂದಲೂ ಅದೇ ಚಿತ್ರ.

ನಮ್ಮ ಬೆಂಗಳೂರಿಗೆ ಇದು ಹೊಸ ಪದವಲ್ಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಇಲ್ಲಿ ಶುರುವಾದವು. ವಿಮಾನದ ಭಾಗವಿರಲಿ, ಟೆಲಿಫೋನಿನ ಭಾಗವಿರಲಿ, ಒಂದರಂತೆ ಇನ್ನೊಂದು ಬರಬೇಕಾದರೆ ಜಿಗ್ ಬೇಕೇ ಬೇಕು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಈ ಕಾರ್ಖಾನೆಗಳಿಂದ ನಿವೃತ್ತರಾದ ತಾತ ಇದ್ದರೆ ‘ಜಿಗ್‌ಗೂ ಫಿಕ್ಸ್‌ಚರ್‌ಗೂ ಏನು ವ್ಯತ್ಯಾಸ ತಾತಾ?’ ಎಂದು ಕೇಳಿ ನೋಡಿ. ಹಿಡಿಯುವುದಷ್ಟೇ ಫಿಕ್ಸ್‌ಚರ್, ಹತಾರಕ್ಕೆ ದಾರಿಯನ್ನೂ ತೋರಿಸುವುದು ಜಿಗ್ ಎಂದು ಶುರುಮಾಡಿದರೆ ಮಾತು ಊಟದ ಹೊತ್ತಿನವರೆಗೂ ನಡೆದೀತು.

ಪೀಪಿ ಕೂಗುವುದು ಹೇಗೆ?

ತೆಂಗಿನ ಗರಿ ಸುತ್ತಿ ಪೀಪಿ ಮಾಡಿದ್ದೀರಿ, ಮಾವಿನ ಓಟೆ ಉಜ್ಜಿ ಊದಿದ್ದೀರಿ. ಎಲ್ಲದರಲ್ಲೂ ಗುಟ್ಟು ಒಂದೇ. ಗಾಳಿ ಒಂದು ತೆಳುವಾದ ನಾಲಗೆಯನ್ನು ಅದುರಿಸುತ್ತದೆ, ಆ ಅದುರಾಟವೇ ದನಿ. ಓಲಗದವರ ನಾಗಸ್ವರದಲ್ಲಿ ಜೊಂಡಿನ ಎರಡು ನಾಲಗೆಗಳು ಒಂದಕ್ಕೊಂದು ಬಡಿಯುತ್ತವೆ. ಪಾಶ್ಚಾತ್ಯರ ಓಬೋ ವಾದ್ಯವೂ ಇದೇ ಜಾತಿ. ರಷ್ಯದ ಪ್ರೊಕೊಫಿಯೆವ್ 1936ರಲ್ಲಿ ಮಕ್ಕಳಿಗಾಗಿ ರಚಿಸಿದ ‘ಪೀಟರ್ ಅಂಡ್ ದಿ ವುಲ್ಫ್’ ಸಂಗೀತ ಕಥೆಯಲ್ಲಿ ಬಾತುಕೋಳಿಯ ಪಾತ್ರ ಓಬೋಗೇ ಸಿಕ್ಕಿತು.

ನಮ್ಮ ಪೀಪಿಗೆ ಒಂದೇ ನಾಲಗೆ. ಅದು ಬಡಿಯುವುದು ಮರದ ಚಪ್ಪಟೆ ಮೈಗೆ. ಈ ಚಪ್ಪಟೆ ಮೈ ತುದಿಯ ಕಡೆ ಸ್ವಲ್ಪವೇ ಕೆಳಕ್ಕೆ ಬಾಗಿರಬೇಕು. ಆಗ ನಾಲಗೆಯ ತುದಿಗೂ ಮರಕ್ಕೂ ನಡುವೆ ಸಂದು ಉಳಿಯುತ್ತದೆ. ಗಾಳಿ ಆ ಸಂದಿನೊಳಗೆ ನುಗ್ಗುವಾಗ ನಾಲಗೆ ಮರಕ್ಕೆ ಅಂಟುತ್ತದೆ, ತನ್ನ ಬಿಗಿಯಿಂದ ಮತ್ತೆ ಏಳುತ್ತದೆ. ಕ್ಷಣಕ್ಕೆ ನೂರಾರು ಸಲ ಹೀಗೆ ನಡೆದರೆ ‘ಕ್ವಾಕ್’. ಬಾಗು ಹೆಚ್ಚಾದರೆ ಬರೀ ಗಾಳಿ, ಕಡಿಮೆಯಾದರೆ ನಾಲಗೆ ಅಂಟಿಕೊಂಡು ಮೌನ. ಪರಿಷೆಯ ಎರಡು ಪೀಪಿಗಳಿಗೂ ಇಂಥದೇ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ.

ಮೊದಲು ಮೂರು ಪೀಪಿ, ಆಮೇಲೆ ಜಿಗ್

ಹೊರದೇಶಗಳಲ್ಲಿ ಇಂಥ ಪೀಪಿಗೆ ಲೋಹದ ಜಿಗ್‌ಗಳನ್ನು ಸಿದ್ಧವಾಗಿಯೇ ಮಾರುತ್ತಾರೆ. ಅಮೆರಿಕದ ಅರ್ಕಾನ್ಸಾ ರಾಜ್ಯದ ಸ್ಟಟ್‌ಗಾರ್ಟ್ ಎಂಬ ಊರಿನಲ್ಲಿ 1936ರಿಂದ ಬಾತಿನ ದನಿ ಮಾಡುವ ಸ್ಪರ್ಧೆಯೇ ನಡೆದು ಬಂದಿದೆ. ಆದರೆ ಕೊಂಡ ಜಿಗ್‌ನಲ್ಲಿ ಇರುವುದು ಬೇರೆಯವರ ಕಿವಿ ಮೆಚ್ಚಿದ ಬಾಗು. ನಮ್ಮ ಮರ, ನಮ್ಮ ನಾಲಗೆಗೆ ಅದು ಒಗ್ಗಬೇಕೆಂದಿಲ್ಲ. ನಮ್ಮದನ್ನು ನಾವೇ ಮಾಡಿಕೊಳ್ಳೋಣ.

ಬೇಕಾಗುವ ವಸ್ತುಗಳು: 16 ಮಿಲಿಮೀಟರ್ ದಪ್ಪದ, 70 ಮಿ.ಮೀ. ಉದ್ದದ ದುಂಡನೆಯ ಮರದ ಕಡ್ಡಿಗಳು ಮೂರು. ಒಳಗಿನ ತೂತು 16 ಮಿ.ಮೀ. ಇರುವ, 80 ಮಿ.ಮೀ. ಉದ್ದದ ಮರದ ಅಥವಾ ಬಿದಿರಿನ ಕೊಳವೆ ಒಂದು. ನಾಲಗೆಗೆ ಹೊಸ ಶರ್ಟಿನ ಕಾಲರಿನೊಳಗೆ ಬರುವ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ. ಒಂದು ರಬ್ಬರ್ ಚೂರು, ಗಟ್ಟಿ ನೂಲು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಅಪ್ಪನ ಜೊತೆ ಹೋದರೆ ತುಂಡು ಸಾಗುವಾನಿ ಸಿಗುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಹಗುರ, ನಯವಾಗಿ ಕೆತ್ತಲು ಬರುತ್ತದೆ.

ಪ್ರತಿ ಕಡ್ಡಿಯ ಹಿಂತುದಿಯಿಂದ, ನಟ್ಟನಡುವೆ, 6 ಮಿ.ಮೀ. ತೂತನ್ನು 55 ಮಿ.ಮೀ. ಆಳಕ್ಕೆ ಕೊರೆಯಬೇಕು. ಮುಂದಿನ 15 ಮಿ.ಮೀ. ಗಟ್ಟಿಯಾಗಿಯೇ ಉಳಿಯಲಿ. ಈ ಕೆಲಸ ದೊಡ್ಡವರದು, ಬಡಗಿಯವರಿಂದ ಮಾಡಿಸಿದರೂ ಸರಿ. ಆಮೇಲೆ ಮುಂತುದಿಯಿಂದ 40 ಮಿ.ಮೀ. ದೂರದಲ್ಲಿ ಗರಗಸದಿಂದ ಅರ್ಧ ದಪ್ಪದವರೆಗೆ ಕೊಯ್ದು, ಮುಂದಿನ ಮೇಲರ್ಧವನ್ನು ತೆಗೆದುಬಿಡಿ. ಒಳಗಿನ ತೂತು ಈಗ ಕಾಲುವೆಯಂತೆ ತೆರೆದುಕೊಂಡು ಕಾಣುತ್ತದೆ. ಕಡೆಯ 22 ಮಿ.ಮೀ. ಭಾಗವನ್ನು ಅರದಿಂದ ಮೆಲ್ಲಗೆ ಬಾಗಿಸಿ. ಮೂರು ಕಡ್ಡಿಗೆ ಮೂರು ಅಳತೆ ಇರಲಿ: ಒಂದರ ತುದಿ 1 ಮಿ.ಮೀ. ತಗ್ಗಲಿ, ಇನ್ನೊಂದರದು ಒಂದೂವರೆ, ಮತ್ತೊಂದರದು 2.

ನಾಲಗೆಯನ್ನು 10 ಮಿ.ಮೀ. ಅಗಲಕ್ಕೆ ಕತ್ತರಿಸಿ ಕಾಲುವೆಯನ್ನು ಪೂರ್ತಿ ಮುಚ್ಚುವಂತೆ ಇಡಿ. ಹಿಂಭಾಗದ ಮೇಲೆ ರಬ್ಬರ್ ಚೂರು ಇಟ್ಟು ನೂಲಿನಿಂದ ಬಿಗಿಯಾಗಿ ಸುತ್ತಿ. ನೂಲು ಕೂರಲು ಮರದ ಹೊರಮೈಯಲ್ಲಿ ಸಣ್ಣ ಕಚ್ಚು ಇದ್ದರೆ ಜಾರುವುದಿಲ್ಲ. ನಾಲಗೆಯಿರುವ ಭಾಗ ಒಳಗೆ ಹೋಗುವಂತೆ ಕೊಳವೆಗೆ ಸಿಕ್ಕಿಸಿ, ಕೊಳವೆಯ ಇನ್ನೊಂದು ತುದಿಯಿಂದ ಊದಿ. ಸಡಿಲವಾದರೆ ಹಿಂಭಾಗಕ್ಕೆ ಎರಡು ಸುತ್ತು ನೂಲು ಸುತ್ತಿ. ಕೆನ್ನೆಯಿಂದ ಊದಬೇಡಿ. ಹಾಡುವವರಂತೆ ಹೊಟ್ಟೆಯಿಂದ ಉಸಿರು ತಂದು, ಗಂಟಲಲ್ಲಿ ‘ಗ್ವಕ್’ ಎಂದು ತಡೆಯಿರಿ.

ಈಗ ಆಯ್ಕೆ. ಮೂರನ್ನೂ ತಂಗಿಯೋ ತಮ್ಮನೋ ಬಾಗಿಲ ಹಿಂದೆ ನಿಂತು ಊದಲಿ, ಮನೆಯವರು ಕೇಳಿ ಅಂಕ ಕೊಡಲಿ. ಮೆಲ್ಲಗೆ ಊದಿದಾಗಲೂ ದನಿ ಹೊರಡಬೇಕು, ಜೋರಾಗಿ ಊದಿದಾಗಲೂ ಕಟ್ಟಿಕೊಳ್ಳಬಾರದು. ದನಿ ತೀರಾ ದಪ್ಪವಾದರೆ ನಾಲಗೆಯ ತುದಿಯನ್ನು ಕೂದಲಷ್ಟು ಕತ್ತರಿಸಿ. ನಾಲಗೆ ಗಿಡ್ಡವಾದಷ್ಟೂ ದನಿ ಏರುತ್ತದೆ. ಗೆದ್ದ ಪೀಪಿಯೇ ನಮ್ಮ ಗುರು. ಚಂದ ಕಾಣುವುದಲ್ಲ, ಚಂದ ಕೂಗುವುದು.

ಜಿಗ್ ಮಾಡುವ ಬಗೆ

16 ಮಿ.ಮೀ. ಅಗಲ, 120 ಮಿ.ಮೀ. ಉದ್ದದ ಒಂದು ಮರದ ಪಟ್ಟಿ ತೆಗೆದುಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 3 ಮಿ.ಮೀ. ದಪ್ಪ, 25 ಮಿ.ಮೀ. ಅಗಲದ ಅಲ್ಯುಮಿನಿಯಂ ಪಟ್ಟಿಯನ್ನು ಅಷ್ಟೇ ಉದ್ದಕ್ಕೆ ಎರಡು ತುಂಡು ಮಾಡಿಸಿ.

ಮೊದಲು ಒಂದೇ ಲೋಹದ ತುಂಡನ್ನು ಮರದ ಪಕ್ಕಕ್ಕೆ ಸ್ಕ್ರೂ ಹಾಕಿ ಕೂರಿಸಿ. ಅದು ಮರದ ಮೇಲ್ಮೈಗಿಂತ 12 ಮಿ.ಮೀ. ಮೇಲೆ ನಿಲ್ಲಬೇಕು. ಮರದ ಮುಂತುದಿಯಲ್ಲಿ 5 ಮಿ.ಮೀ. ಎತ್ತರದ ಪುಟ್ಟ ತಡೆಯೊಂದನ್ನು ಮೊಳೆ ಹೊಡೆದು ನಿಲ್ಲಿಸಿ. ತಡೆ ಇದಕ್ಕಿಂತ ಎತ್ತರವಾದರೆ ಆಮೇಲೆ ಅರ ಓಡಾಡಲು ಅಡ್ಡ ಬರುತ್ತದೆ. ಗೆದ್ದ ಪೀಪಿಯ ಕಡ್ಡಿಯಿಂದ ನಾಲಗೆ ಬಿಚ್ಚಿ, ಚಪ್ಪಟೆ ಮೈ ಮೇಲಾಗಿ, ತುದಿ ತಡೆಗೆ ತಾಗುವಂತೆ ಮರದ ಮೇಲೆ ಮಲಗಿಸಿ. ಅದರ ಅಂಚಿನಗುಂಟ ಲೋಹದ ಮೇಲೆ ದಬ್ಬಳದಿಂದ ಗೆರೆ ಎಳೆಯಿರಿ. ಗರಗಸದ ಕೊಯ್ತ ಇರುವ ಕಡೆ ನೇರ ಮೇಲಕ್ಕೆ ಇನ್ನೊಂದು ಗೆರೆ.

ಈಗ ತುಂಡನ್ನು ಬಿಚ್ಚಿ. ಎರಡು ತುಂಡುಗಳನ್ನೂ ಜೋಡಿಸಿ ವೈಸ್‌ನಲ್ಲಿ ಹಿಡಿದು, ಗೆರೆಯವರೆಗೆ ಒಟ್ಟಿಗೇ ಅರ ಹಾಕಿ. ಒಟ್ಟಿಗೆ ಎಂಬುದನ್ನು ಮರೆಯಬೇಡಿ. ಬೇರೆ ಬೇರೆ ಉಜ್ಜಿದರೆ ಎಡ ಒಂದು, ಬಲ ಒಂದು ಆಗಿ ನಾಲಗೆ ಓರೆಯಾಗುತ್ತದೆ. ಅಲ್ಯುಮಿನಿಯಂ ಪುಡಿ ಅರದ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಅದಕ್ಕೆ ಮೊದಲೇ ಅರಕ್ಕೆ ಸೀಮೆಸುಣ್ಣ ತಿಕ್ಕಿಕೊಳ್ಳಿ. ಆಮೇಲೆ ಎರಡನ್ನೂ ಮರದ ಎರಡು ಪಕ್ಕಕ್ಕೆ ಒಂದೇ ಎತ್ತರದಲ್ಲಿ ಸ್ಕ್ರೂ ಹಾಕಿ ಕೂರಿಸಿ. ನಡುವೆ ಕಡ್ಡಿ ಕೂರುವ ಓಣಿ ಸಿದ್ಧ. ಜಿಗ್ ಸಿದ್ಧ.

ಹೊಸ ಕಡ್ಡಿಯನ್ನು ಓಣಿಯಲ್ಲಿ ಇಟ್ಟು, ತುದಿ ತಡೆಗೆ ಒತ್ತಿ, ಪಕ್ಕದಿಂದ ಕ್ಲಾಂಪ್ ಬಿಗಿ ಮಾಡಿ. ಗರಗಸವನ್ನು ಲೋಹದ ಮೆಟ್ಟಿಲಿಗೆ ಆನಿಸಿ ಕೊಯ್ಯಿರಿ. ಅದು ಲೋಹಕ್ಕೆ ತಾಗಿದಾಗ ಆಳ ಸಾಕು ಎಂದರ್ಥ. ಮೇಲರ್ಧ ತೆಗೆದ ಮೇಲೆ ಅರ ಹಾಕಿ. ಮರ ಉಜ್ಜುವಾಗ ಮೆತ್ತನೆಯ ‘ಸರ್ ಸರ್’ ಕೇಳುತ್ತಿರುತ್ತದೆ. ಲೋಹಕ್ಕೆ ತಾಗಿದ ಕೂಡಲೇ ಸದ್ದು ಕಿರ್ರೆಂದು ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಕಣ್ಣಳತೆಯೂ ಬೇಡ, ಸ್ಕೇಲೂ ಬೇಡ.

ಜಿಗ್‌ನ ಇನ್ನೊಂದು ಉಪಕಾರವನ್ನು ಅಪ್ಪ ಅಮ್ಮ ಗಮನಿಸಬೇಕು. ಪುಟ್ಟ ಕಡ್ಡಿಯನ್ನು ಕೈಯಲ್ಲಿ ಹಿಡಿದು ಕೊಯ್ಯುವಾಗಲೇ ಬೆರಳಿಗೆ ಪೆಟ್ಟಾಗುವುದು. ಇಲ್ಲಿ ಬೆರಳಿನ ಬದಲು ಕ್ಲಾಂಪ್ ಹಿಡಿದಿರುತ್ತದೆ. ಹಾಗಿದ್ದರೂ ಗರಗಸ, ಉಳಿಯ ಕೆಲಸಕ್ಕೆ ದೊಡ್ಡವರು ಪಕ್ಕದಲ್ಲೇ ಇರಲಿ. ಮರದ ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಕಳಚಿದ ನಾಲಗೆ, ರಬ್ಬರ್ ಚೂರು ಪುಟ್ಟ ಪಾಪುವಿನ ಕೈಗೆ ಸಿಗದಿರಲಿ. ಒಬ್ಬರು ಊದಿದ ಪೀಪಿಯನ್ನು ಇನ್ನೊಬ್ಬರು ಊದುವುದು ಬೇಡ.

ಜಿಗ್ ತಪ್ಪನ್ನೂ ನೆನಪಿಡುತ್ತದೆ

ಜಿಗ್ ಕೈಯ ನೆನಪು. ಒಮ್ಮೆ ಸಿಕ್ಕ ಒಳ್ಳೆಯ ಅಳತೆಯನ್ನು ಅದು ಮರೆಯುವುದಿಲ್ಲ. ಆದರೆ ಕೆಟ್ಟ ಅಳತೆಯನ್ನೂ ಅಷ್ಟೇ ನಿಷ್ಠೆಯಿಂದ ನೆನಪಿಡುತ್ತದೆ. ಕೂಗದ ಪೀಪಿಯಿಂದ ಜಿಗ್ ಮಾಡಿದರೆ ಹತ್ತಕ್ಕೆ ಹತ್ತೂ ಮೂಕ. ಅದಕ್ಕೇ ಮೂರು ಮಾಡಿ ಒಂದನ್ನು ಆರಿಸಿದ್ದು. ಜಿಗ್ ಸಿದ್ಧವಾದ ಮೇಲೂ ಒಮ್ಮೆಗೇ ಹತ್ತು ಕಡ್ಡಿ ಕೊಯ್ಯಬೇಡಿ. ಎರಡು ಮಾಡಿ, ಗುರುವಿನ ಜೊತೆ ಊದಿ ಹೋಲಿಸಿ. ಎರಡೂ ಒಂದೇ ಥರ ಕೂಗಿದರೆ ಮುಂದುವರಿಯಿರಿ. ಅರ ತಾಗಿ ತಾಗಿ ಲೋಹ ಸವೆಯುತ್ತದೆ. ಆದ್ದರಿಂದ ಗುರು ಪೀಪಿಯನ್ನು ಯಾರಿಗೂ ಕೊಡದೆ ಜಿಗ್ ಜೊತೆಗೇ ಒಂದು ಡಬ್ಬಿಯಲ್ಲಿಡಿ, ಮೇಲೆ ತಾರೀಖು ಬರೆದಿಡಿ.

ಉಸಿರಿನ ತೇವಕ್ಕೆ ಮರ ಉಬ್ಬುತ್ತದೆ. ಚನ್ನಪಟ್ಟಣದ ಕುಶಲಕರ್ಮಿಗಳು ಲೇತ್‌ನಲ್ಲಿ ಗಿರ್ರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಬಣ್ಣದ ಅಂಗಿ ತೊಡಿಸುತ್ತದೆ. ಕೊಳವೆಯನ್ನು ಅವರಿಂದಲೇ ಮಾಡಿಸಿಕೊಂಡರೆ ನೋಡಲೂ ಚಂದ, ಬಾಳಿಕೆಯೂ ಹೆಚ್ಚು. ನೂರು ಗೊಂಬೆಯ ನೂರು ತಲೆ ಒಂದೇ ಅಳತೆಗೆ ಬರಬೇಕು ಎಂಬ ಅವರ ದಿನನಿತ್ಯದ ಪರೀಕ್ಷೆ ಎಷ್ಟು ಕಷ್ಟದ್ದು ಎಂಬುದು ಹತ್ತು ಪೀಪಿ ಮಾಡಿದ ನಿಮಗೆ ಈಗ ಗೊತ್ತಾಗಿರುತ್ತದೆ. ಮುಂದಿನ ಸಲ ಆ ಗೊಂಬೆ ಕೊಳ್ಳುವಾಗ ಚೌಕಾಸಿಗೆ ಮುಂಚೆ ಅದನ್ನು ನೆನೆಯಿರಿ.

ಕೆರೆಯ ಹತ್ತಿರ ಬೇಡ

ಇಂಥ ಪೀಪಿ ಹುಟ್ಟಿದ್ದು ಬಾತುಗಳನ್ನು ಹತ್ತಿರ ಕರೆದು ಹೊಡೆಯಲೆಂದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಬಾತಿನ ಬೇಟೆ ಅಪರಾಧ. ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆ 1882ರಲ್ಲಿ ಕಟ್ಟಿದ್ದು. ಇಂಥ ಕೆರೆಗಳಲ್ಲಿ ಕಪ್ಪು ಕೊಕ್ಕಿನ ತುದಿಗೆ ಹಳದಿ ಮೆತ್ತಿದಂತಿರುವ ಬಾತುಗಳನ್ನು ನೀವು ನೋಡಿರಬಹುದು. ಅವುಗಳ ಎದುರು ಪೀಪಿ ಊದಿದರೆ, ಇಲ್ಲದ ಬಾತನ್ನು ಹುಡುಕಿ ಅವು ದಣಿಯುತ್ತವೆ, ಮರಿಯಿರುವ ತಾಯಿ ಗಾಬರಿಯಾಗುತ್ತದೆ. ಕೆರೆಯ ದಡದಲ್ಲಿ ಕೇಳುವುದು ನಮ್ಮ ಕೆಲಸ, ಕೂಗುವುದು ಅವುಗಳ ಕೆಲಸ. ಬೆಳಿಗ್ಗೆ ಹೋಗಿ ಅವುಗಳ ದನಿಯನ್ನು ಚೆನ್ನಾಗಿ ಕೇಳಿ ಬನ್ನಿ, ಮನೆಯಲ್ಲಿ ನಾಲಗೆ ಸರಿಮಾಡಿಕೊಳ್ಳಿ, ಶಾಲೆಯ ನಾಟಕದಲ್ಲಿ ಬಾತುಕೋಳಿ ಬಂದಾಗ ಊದಿ.

ಪರೀಕ್ಷೆ ಮುಗಿದ ಮೇಲೆ ಬೀದಿಯ ಮಕ್ಕಳೆಲ್ಲ ಸೇರಿ ಒಂದೇ ಜಿಗ್‌ನಿಂದ ಹತ್ತು ಪೀಪಿ ಮಾಡಿ. ಎಲ್ಲವೂ ಒಂದೇ ದನಿಯಲ್ಲಿ ಕೂಗಿದರೆ ‘ನಿನ್ನದು ನನಗೆ ಕೊಡು’ ಎಂಬ ಜಗಳ ಇರುವುದಿಲ್ಲ. ಮಧ್ಯಾಹ್ನ ಮಲಗಿದ ತಾತನ ಜಗಳ ಬಂದರೆ ಮಾತ್ರ ಅದಕ್ಕೆ ಜಿಗ್‌ನಲ್ಲಿ ಪರಿಹಾರವಿಲ್ಲ.