ಕೇಳಿದ್ದು ಯಾರನ್ನು, ಉತ್ತರಿಸಿದ್ದು ಯಾರು?



ಚುನಾವಣೆ ಹತ್ತಿರ ಬಂತೆಂದರೆ ಜನಾಭಿಪ್ರಾಯ ಸಮೀಕ್ಷೆಗಳ ಸುಗ್ಗಿ. ಯಾವ ಪಕ್ಷಕ್ಕೆ ಎಷ್ಟು ಸೀಟು, ‘ಹೆಂಗಸರ ಓಟು’ ಯಾರ ಕಡೆಗೆ ಎಂದೆಲ್ಲ ಅಂಕಿಗಳು ಬರುತ್ತವೆ. ನಾವು ಓಟು ಹಾಕುವ ಮೊದಲೇ ನಮ್ಮ ಓಟನ್ನು ಎಣಿಸಿ ಮುಗಿಸಿರುತ್ತಾರೆ! ಈ ಲೆಕ್ಕ ಹೇಗೆ ಹುಟ್ಟುತ್ತದೆಂದು ನಾವು ತಿಳಿದಿರಬೇಕು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದೆರಡು ಅಗುಳು ಹಿಸುಕಿದರೆ ಸಾಕು. ಸಮೀಕ್ಷೆಯೂ ಹಾಗೆಯೇ. ಸರಿಯಾಗಿ ಆರಿಸಿದ ಸಾವಿರ ಜನರನ್ನು ಕೇಳಿದರೆ ಲಕ್ಷಾಂತರ ಜನರ ಒಲವು ಶೇ. 3ರಷ್ಟು ಆಚೀಚೆಯಲ್ಲಿ ತಿಳಿಯುತ್ತದೆ. ಆದರೆ ಮೇಲಿನ ಅಗುಳನ್ನೇ ಹಿಸುಕಿದರೆ ತಳ ಸೀದದ್ದು ಗೊತ್ತಾಗುವುದಿಲ್ಲ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಜನರ ಉತ್ತರ ಪಡೆದು, ರೂಸ್‌ವೆಲ್ಟ್ ಸೋಲುತ್ತಾರೆಂದಿತು. ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆ ಕೇಳಿದ್ದು ಹೆಚ್ಚಾಗಿ ಫೋನು, ಕಾರು ಇದ್ದವರನ್ನು. ನಮ್ಮಲ್ಲೂ 2024ರಲ್ಲಿ ಬಹುತೇಕ ಮತಗಟ್ಟೆ ಸಮೀಕ್ಷೆಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸೀಟು ಕೊಟ್ಟವು. ಬಂದದ್ದು 293.

ಇನ್ನು ನಮ್ಮ ಮನೆ ಬಾಗಿಲಿಗೆ ಬರೋಣ. ಗಂಡ, ಅತ್ತೆ, ಮಾವ ಪಕ್ಕದಲ್ಲಿ ನಿಂತಿರುವಾಗ ಸೊಸೆ ಏನು ಹೇಳಿಯಾಳು? ‘ನಂಗೊತ್ತಿಲ್ಲ, ಅವ್ರನ್ನೇ ಕೇಳಿ’ ಎನ್ನುತ್ತಾಳೆ. ಅದನ್ನು ಅಜ್ಞಾನವೆಂದು ಬರೆದುಕೊಳ್ಳುವವರಿದ್ದಾರೆ. ನನಗೆ ಅದರಲ್ಲಿ ಅಂಜಿಕೆ ಕಾಣುತ್ತದೆ, ಎಷ್ಟೋ ಸಲ ಜಾಣತನವೂ ಕಾಣುತ್ತದೆ. ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಕೇಳುವಾಗ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಒಂದು ಮನೆಯಲ್ಲಿ ಒಬ್ಬ ಹೆಂಗಸನ್ನು ಮಾತ್ರ, ಅದೂ ಬೇರೆ ಯಾರೂ ಇಲ್ಲದಾಗ ಕೇಳಬೇಕೆಂಬ ನಿಯಮವಿದೆ. ಓಟಿನ ಪ್ರಶ್ನೆಗೂ ಈ ಏಕಾಂತ ಬೇಕು. ದೆಹಲಿಯ ಸಿಎಸ್‌ಡಿಎಸ್ ಸಂಸ್ಥೆಯ ಸಮೀಕ್ಷೆಗಳಲ್ಲಿ ಅಣಕು ಮತಪತ್ರ ಕೊಟ್ಟು ಡಬ್ಬಿಗೆ ಹಾಕಿಸುವುದು ಇದಕ್ಕಾಗಿಯೇ.

1951–52ರ ಮೊದಲ ಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. 1962ರಲ್ಲಿ ಗಂಡಸರು ಶೇ. 63ರಷ್ಟು ಓಟು ಹಾಕಿದರೆ ಹೆಂಗಸರು ಶೇ. 47ರಷ್ಟು ಮಾತ್ರ. 2019ರ ಲೋಕಸಭಾ ಚುನಾವಣೆಯಲ್ಲಿ ನಾವು ಗಂಡಸರನ್ನು ಮೊದಲ ಸಲ ಕೊಂಚ ಮೀರಿಸಿದೆವು. ಅದಕ್ಕೇ ಈಗ ಎಲ್ಲರಿಗೂ ನಮ್ಮ ಓಟಿನ ಮೇಲೆ ಕಣ್ಣು.

ಆದರೆ ಸಮೀಕ್ಷೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ತರುತ್ತದೆ. ವರದಕ್ಷಿಣೆ, ಹೊಡೆತ, ಕುಡಿತ ಪ್ರಶ್ನೆಯಲ್ಲೇ ಇಲ್ಲದಿದ್ದರೆ ಅಂಕಿಯಲ್ಲಿ ಎಲ್ಲಿಂದ ಬರಬೇಕು? 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ಹೆಂಗಸರು ಸಾರಾಯಿ ಅಂಗಡಿಗಳ ವಿರುದ್ಧ ಎದ್ದಾಗ ಯಾರೂ ಪ್ರಶ್ನೆ ಹಿಡಿದು ಬರಲೆಂದು ಕಾಯಲಿಲ್ಲ. 1994ರ ಚುನಾವಣೆಯಲ್ಲಿ ಪಾನನಿಷೇಧವೇ ದೊಡ್ಡ ಭರವಸೆಯಾಯಿತು.

ಹಾಗಾಗಿ ನನ್ನದೊಂದು ಸಲಹೆ. ಮುಂದಿನ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ನಮ್ಮ ಪ್ರಶ್ನೆಗಳನ್ನು ನಾವೇ ಬರೆಯೋಣ. ಓಟು ಕೇಳಲು ಬಂದವರ ಮುಂದೆ ಅದನ್ನು ಓದೋಣ. ಓಟು ಯಾರಿಗೆಂಬುದು ಗುಟ್ಟಾಗಿರಲಿ, ನಮಗೆ ಏನು ಬೇಕೆಂಬುದು ಊರಿಗೆಲ್ಲ ಕೇಳಲಿ.