ರಬ್ಬರ್ ಕೊಟ್ಟು ಅಕ್ಕಿ ತಂದ ಒಪ್ಪಂದ

ಶ್ರೀಲಂಕಾ ಮತ್ತು ಚೀನಾ ಎಂದೊಡನೆ ಈಗ ನಮಗೆ ನೆನಪಾಗುವುದು ಹಂಬನ್‌ತೋಟ ಬಂದರು, 99 ವರ್ಷಗಳ ಗುತ್ತಿಗೆ, ತೀರದ ಸಾಲ. ಇದಕ್ಕೂ ಬಹಳ ಹಿಂದೆ, 1952ರಲ್ಲಿ, ಇದೇ ಎರಡು ದೇಶಗಳು ಸರಿಸಮಾನರಾಗಿ ಕೂತು ಒಂದು ಒಪ್ಪಂದ ಮಾಡಿಕೊಂಡಿದ್ದವು. ಒಬ್ಬರು ರಬ್ಬರ್ ಕೊಡುವುದು, ಇನ್ನೊಬ್ಬರು ಅಕ್ಕಿ ಕೊಡುವುದು. ಏಷ್ಯಾದ ದೇಶಗಳು ಪರಸ್ಪರ ಹೇಗೆ ವ್ಯಾಪಾರ ಮಾಡಬೇಕು, ಹಾಗೆ ಮಾಡುವಾಗ ಯಾರನ್ನು ಮರೆಯಬಾರದು ಎಂಬ ಎರಡನ್ನೂ ಆ ಒಪ್ಪಂದ ಕಲಿಸುತ್ತದೆ.

ಆಗ ಶ್ರೀಲಂಕಾ ಇನ್ನೂ ಸಿಲೋನ್. ಜನ ಉಣ್ಣುವ ಅಕ್ಕಿಯಲ್ಲಿ ದೊಡ್ಡ ಪಾಲು ಹೊರಗಿನಿಂದಲೇ ಬರಬೇಕಿತ್ತು. ಅದಕ್ಕೆ ಹಣ ಹುಟ್ಟುತ್ತಿದ್ದುದು ಚಹಾ, ರಬ್ಬರ್, ತೆಂಗಿನಿಂದ. ಕೊರಿಯಾ ಯುದ್ಧ ಶುರುವಾದಾಗ ಗಗನಕ್ಕೇರಿದ್ದ ರಬ್ಬರ್ ಬೆಲೆ 1952ರ ಹೊತ್ತಿಗೆ ಕುಸಿಯಿತು, ಅಕ್ಕಿ ಬೆಲೆ ಏರಿತು. ಸರ್ಕಾರ ಅಮೆರಿಕದ ಬಾಗಿಲು ತಟ್ಟಿತು. ಮಾರುಕಟ್ಟೆ ದರಕ್ಕಿಂತ ಹೆಚ್ಚು ಕೊಡಲು ಅಮೆರಿಕ ಒಪ್ಪಲಿಲ್ಲ.

ಅತ್ತ ಚೀನಾಕ್ಕೆ ರಬ್ಬರ್ ಬೇಕಿತ್ತು, ಕೊಡುವವರಿರಲಿಲ್ಲ. ಯುದ್ಧಕ್ಕೆ ಒದಗುವ ಸರಕನ್ನು ಚೀನಾಕ್ಕೆ ಮಾರಬಾರದೆಂದು ವಿಶ್ವಸಂಸ್ಥೆಯ ಮಹಾಸಭೆ 1951ರ ಮೇ ತಿಂಗಳಲ್ಲಿ ನಿರ್ಣಯ ಮಾಡಿತ್ತು. ಸಿಲೋನ್ ಆಗ ವಿಶ್ವಸಂಸ್ಥೆಯ ಸದಸ್ಯನೇ ಅಲ್ಲ, ಹಾಗಾಗಿ ಆ ನಿರ್ಣಯ ಅದನ್ನು ಕಟ್ಟಿಹಾಕಲಿಲ್ಲ. ಸೋವಿಯತ್ ಒಕ್ಕೂಟ ವೀಟೊ ಹಾಕಿ ಅದನ್ನು 1955ರವರೆಗೂ ಹೊರಗೇ ನಿಲ್ಲಿಸಿತ್ತು.

ಪ್ರಧಾನಿ ಡಡ್ಲಿ ಸೇನಾನಾಯಕೆ ಅವರ ಸರ್ಕಾರ ಕಮ್ಯುನಿಸಮ್ಮಿಗೆ ಕಡು ವಿರೋಧಿ. ಚೀನಾದ ಜೊತೆ ರಾಯಭಾರ ಸಂಬಂಧ ಕೂಡ ಇರಲಿಲ್ಲ. ಅದು ಆದದ್ದು 1957ರಲ್ಲಿ. ಆದರೂ ಡಡ್ಲಿಯವರ ದೊಡ್ಡಪ್ಪನ ಮಗ, ವಾಣಿಜ್ಯ ಸಚಿವ ಆರ್.ಜಿ. ಸೇನಾನಾಯಕೆ ಪೀಕಿಂಗಿಗೆ ಹೋಗಿ ಮಾತುಕತೆಗೆ ಕೂತರು. 1952ರ ಡಿಸೆಂಬರ್ 18ರಂದು ಸಹಿ ಬಿತ್ತು. ಐದು ವರ್ಷಗಳ ಕಾಲ, ವರ್ಷಕ್ಕೆ 2.7 ಲಕ್ಷ ಟನ್ ಅಕ್ಕಿ ಬರುವುದು, 50 ಸಾವಿರ ಟನ್ ರಬ್ಬರ್ ಹೋಗುವುದು. ಅದು ಸಿಲೋನಿನ ಒಟ್ಟು ರಬ್ಬರಿನ ಸುಮಾರು ಅರ್ಧ. ಸಿಂಗಪುರದ ಮಾರುಕಟ್ಟೆಗಿಂತ ಹೆಚ್ಚಿನ ದರ ಕೊಡಲು ಚೀನಾ ಒಪ್ಪಿತ್ತು.

ಅಮೆರಿಕ ಸಿಟ್ಟಾಯಿತು. ಕಮ್ಯುನಿಸ್ಟ್ ದೇಶಗಳಿಗೆ ಇಂಥ ಸರಕು ಮಾರಿದವರಿಗೆ ನೆರವಿಲ್ಲ ಎನ್ನುವ ಕಾನೂನನ್ನು ಅದು 1951ರಲ್ಲೇ ಮಾಡಿಕೊಂಡಿತ್ತು. 1956ರವರೆಗೆ ಸಿಲೋನಿಗೆ ಅಮೆರಿಕದ ನೆರವು ಸಿಗಲಿಲ್ಲ. ರಬ್ಬರ್ ಎಲೆಗೆ ತಗಲುವ ರೋಗಕ್ಕೆ ಎರಚುವ ಗಂಧಕವನ್ನೂ ಅಮೆರಿಕ ತಡೆಹಿಡಿಯಿತು. ಸಿಲೋನ್ ಜಗ್ಗಲಿಲ್ಲ. ಕೊಲಂಬೊದಲ್ಲಿ ಎಡದವರು ಬಂದರು, ಬಲದವರು ಬಂದರು, ಒಪ್ಪಂದ ಮಾತ್ರ ಐದೈದು ವರ್ಷಕ್ಕೊಮ್ಮೆ ಹೊಸದಾಗುತ್ತ 1982ರವರೆಗೆ ನಡೆಯಿತು. ಇಬ್ಬರಿಗೂ ಇನ್ನೊಬ್ಬರ ಸರಕು ನಿಜವಾಗಿ ಬೇಕಿತ್ತು. ಅಷ್ಟು ಬಾಳಿಕೆ ಬಂದದ್ದು ಅದರಿಂದಲೇ.

ಎರಡು ಸರ್ಕಾರಗಳ ಲೆಕ್ಕದಲ್ಲಿ ಇದು ನ್ಯಾಯವಾದ ವ್ಯಾಪಾರ. ಆದರೆ ಸರ್ಕಾರಗಳ ನಡುವಿನ ನ್ಯಾಯ ತಾನಾಗಿಯೇ ಜನರವರೆಗೆ ಇಳಿದು ಬರುವುದಿಲ್ಲ. ಒಪ್ಪಂದವಾಗಿ ಎಂಟು ತಿಂಗಳೂ ಆಗಿರಲಿಲ್ಲ, ಸಿಲೋನ್ ಸರ್ಕಾರ ಖರ್ಚು ಇಳಿಸಲೆಂದು ಪಡಿತರ ಅಕ್ಕಿಯ ಬೆಲೆಯನ್ನು ಅಳತೆಗೆ 25 ಸೆಂಟಿನಿಂದ 70 ಸೆಂಟಿಗೆ ಏರಿಸಿತು. 1953ರ ಆಗಸ್ಟ್ 12ರಂದು ಇಡೀ ದ್ವೀಪ ಹರತಾಳ ಹೂಡಿತು, ಗುಂಡು ಹಾರಿತು, ಜನ ಸತ್ತರು. ಡಡ್ಲಿ ರಾಜೀನಾಮೆ ಕೊಟ್ಟರು. ಹಡಗಿನಲ್ಲಿ ಬಂದ ಅಕ್ಕಿಯನ್ನು ಬಡವನ ತಟ್ಟೆಗೆ ತಲುಪಿಸುವ ಕಲಮು ಯಾವ ವಿದೇಶಿ ಒಪ್ಪಂದದಲ್ಲೂ ಇರುವುದಿಲ್ಲ. ಚೀನಾದ ಕಡೆಯೂ ಹೀಗೇ. 1959ರಿಂದ ಮೂರು ವರ್ಷ ಅಲ್ಲಿ ಭೀಕರ ಕ್ಷಾಮ. ಸತ್ತವರ ಸಂಖ್ಯೆ ಕೋಟಿ ಮೀರಿತು. ಆ ಕ್ಷಾಮ ಶುರುವಾದ ವರ್ಷವೂ ಚೀನಾ ಸರ್ಕಾರ ಧಾನ್ಯ ರಫ್ತು ನಿಲ್ಲಿಸಲಿಲ್ಲ.

ಇನ್ನು ರಬ್ಬರ್ ತೆಗೆದವರು. ಸಣ್ಣ ಹಿಡುವಳಿಯ ಸಿಂಹಳ ರೈತರ ಜೊತೆಗೆ ಎಸ್ಟೇಟುಗಳಲ್ಲಿ ದುಡಿಯುತ್ತಿದ್ದವರಲ್ಲಿ ಅನೇಕರು ಬ್ರಿಟಿಷರು ತಮಿಳುನಾಡಿನಿಂದ ಕರೆತಂದ ಕೂಲಿಗಳ ಮಕ್ಕಳು, ಮೊಮ್ಮಕ್ಕಳು. 1948ರ ಪೌರತ್ವ ಕಾನೂನು ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತ್ತು. 1964ರಲ್ಲಿ ಸಿರಿಮಾವೊ–ಶಾಸ್ತ್ರಿ ಒಪ್ಪಂದವಾಯಿತು. 5.25 ಲಕ್ಷ ಜನ ಭಾರತಕ್ಕೆ, 3 ಲಕ್ಷ ಜನ ಸಿಲೋನಿಗೆ, ಉಳಿದ 1.5 ಲಕ್ಷ ಜನರ ವಿಚಾರ ಮುಂದೆ ನೋಡೋಣ ಎಂದಿತು ಆ ಕಾಗದ. ಅಕ್ಕಿ, ರಬ್ಬರಿನ ಟನ್ನುಗಳನ್ನು ಹಂಚಿದ ಹಾಗೆಯೇ ಮನುಷ್ಯರನ್ನೂ ಹಂಚಿದರು. ಎಲ್ಲಿಗೆ ಹೋಗುತ್ತೀರಿ ಎಂದು ಅವರನ್ನು ಮೊದಲು ಕೇಳಿದವರಿಲ್ಲ.

ಹಾಗೆ ಭಾರತಕ್ಕೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರು ಕಡೆಗೂ ಬಂದರು. ಅವರಿಗೆ ಕೆಲಸ ಕೊಡಲೆಂದೇ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಎದ್ದವು. ಆ ತೋಟಗಳಲ್ಲಿ ಟ್ಯಾಪಿಂಗ್ ಶುರುವಾಗುವುದು ಬಿಸಿಲು ಏರುವ ಮೊದಲು. ಬಿಸಿಲಾದರೆ ಹಾಲು ಸರಿಯಾಗಿ ಇಳಿಯುವುದಿಲ್ಲ. ಮರದ ತೊಗಟೆಯನ್ನು ಓರೆಯಾಗಿ ಕೂದಲೆಳೆಯಷ್ಟು ಕೆತ್ತಬೇಕು. ಚಾಕು ಒಳಗೆ ತಗಲಿದರೆ ಮರಕ್ಕೆ ಗಾಯ. ಹಾಲು ಹನಿಹನಿಯಾಗಿ ಗೆರಟೆಗೆ ಇಳಿಯುತ್ತದೆ. ಆಮೇಲೆ ಅದನ್ನು ಬಕೆಟ್ಟಿಗೆ ಬಸಿದು ತಂದು, ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಶೀಟು ಒತ್ತಿ, ಹೊಗೆಗೂಡಿನಲ್ಲಿ ಒಣಗಿಸಬೇಕು. ಒಪ್ಪಂದದ ಕಾಗದದಲ್ಲಿ ಒಂದು ಟನ್ ಎಂದು ಬರೆದುಕೊಂಡದ್ದರ ಹಿಂದೆ ಇಂಥ ಎಷ್ಟು ಬೆಳಗುಗಳಿರುತ್ತವೆ ಎಂದು ಲೆಕ್ಕ ಇಡುವವರು ಯಾರು?

ಇದು ಹಳೆಯ ಕಥೆಯಲ್ಲ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಎರಡೂ ಸರ್ಕಾರಗಳು ಅದನ್ನು ಯಶಸ್ಸೆಂದೇ ಹೇಳಿಕೊಂಡವು. ಆದರೆ ವಿಯೆಟ್ನಾಮಿನ ಅಗ್ಗದ ಕರಿಮೆಣಸು ಲಂಕಾದ ಹೆಸರಿನಲ್ಲಿ ಒಳಗೆ ಬರುತ್ತಿದೆ, ನಮ್ಮ ಬೆಲೆ ಬಿದ್ದುಹೋಗಿದೆ ಎಂದು ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿದ್ದು 2017ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ನಷ್ಟ ಆಗಬೇಕಾದವರಿಗೆ ಆಗಿಹೋಗಿತ್ತು.

ನೆರೆಯ ದೇಶಗಳ ಜೊತೆ ವ್ಯಾಪಾರ ಬೇಕು, ಇನ್ನೂ ಹೆಚ್ಚು ಬೇಕು. ಹಸಿದ ದೇಶವೊಂದು ದೊಡ್ಡವರ ಬೆದರಿಕೆಗೆ ಬಗ್ಗದೆ ತನಗೆ ಬೇಕಾದ್ದನ್ನು ತರಬಲ್ಲದು ಎಂದು ಸಿಲೋನ್ ತೋರಿಸಿಕೊಟ್ಟಿದೆ. ಆದರೆ ಸಹಿ ಬಿದ್ದ ಮೇಲೆ ಬೆಳೆಗಾರನ ಗೋಳು ಕೇಳುವ ಪದ್ಧತಿ ನಿಲ್ಲಬೇಕು. ಮುಂದಿನ ಒಪ್ಪಂದದ ಕರಡು ದೆಹಲಿಯಲ್ಲಿ ತಯಾರಾಗುವಾಗಲೇ ಮೆಣಸು, ಅಡಿಕೆ, ರಬ್ಬರ್ ಬೆಳೆಯುವವರನ್ನು, ಆ ತೋಟಗಳಲ್ಲಿ ದುಡಿಯುವವರನ್ನು ಕರೆದು ಕೂರಿಸಿ ಕೇಳಿ. ನಮ್ಮ ಸಂಸದರು ಬೇರೇನೂ ಮಾಡದಿದ್ದರೂ ಇದೊಂದನ್ನು ಹಟ ಹಿಡಿದು ಮಾಡಿಸಲಿ.